ಸೆಕೆಂಡ್ ಹ್ಯಾಂಡ್ ರೈಫಲ್ ತಗೋಬೇಕಾ, ಬೇಡ್ವಾ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಎರಡು ತಿಂಗಳಿಂದ ನಮ್ಮ ಮನೆಯೊಳಗೆ ನಡೀತಿರೋ ಜಗಳ ಇದು. ಹೊರಗೆ ಹೇಳೋದು ಬೇಡ ಅಂತಲೇ ಇದ್ದೆ. ಆದರೆ ಬೇರೆ ಬೇರೆ ತಾಲ್ಲೂಕಿನ ಮೂರ್ನಾಲ್ಕು ಹುಡುಗರು ಇನ್‌ಬಾಕ್ಸಲ್ಲಿ ಇದೇ ಪ್ರಶ್ನೆ ಕೇಳಿದ್ದಾರೆ. "ಅಕ್ಕ, ನಮ್ಮವರಿಗೆ ಗನ್ ಲೈಸೆನ್ಸ್ ಕೊಡ್ತಾರಾ?" ಅಂತ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯೋ ಬದಲು ಇಲ್ಲೇ ಬರೀತೀನಿ.

ನಮ್ಮ ಚಿಕ್ಕಪ್ಪನ ಮಗ ಸೇನೆಯಲ್ಲಿ 17 ವರ್ಷ ಇದ್ದು ಪಿಂಚಣಿ ಮೇಲೆ ಊರಿಗೆ ಬಂದಿದ್ದಾನೆ. ಅವನು ಒಂದು ಹಳೇ ರೈಫಲ್ ನೋಡಿಕೊಂಡು ಬಂದ. ನಗರದ ಒಬ್ಬ ಬಂದೂಕು ವ್ಯಾಪಾರಿ ಹತ್ರ ಇದೆಯಂತೆ. ಮೊದಲಿದ್ದ ಮಾಲೀಕರು ಯಾರೋ ತೋಟದವರು, ತೀರಿಹೋಗಿದ್ದಾರೆ. ಮಕ್ಕಳಿಗೆ ಬೇಡವಾಗಿ ಅಂಗಡಿಗೆ ಬಂದು ಕೂತಿದೆ. 55,000 ಹೇಳಿದ್ದಾರೆ. 5,000 ಅಡ್ವಾನ್ಸ್ ಕೊಟ್ಟರೆ ಲೈಸೆನ್ಸ್ ಆಗೋವರೆಗೆ ಬೇರೆ ಯಾರಿಗೂ ಕೊಡಲ್ಲ ಅಂದಿದ್ದಾರೆ. "ಏನಕ್ಕ, ತಗೊಳ್ಳಲಾ?" ಅಂತ ಬಂದು ಕೇಳಿದ. ನನ್ನನ್ನೇ ಯಾಕೆ ಕೇಳಿದ ಅಂದ್ರೆ, ನಮ್ಮ ಕುಟುಂಬದಲ್ಲಿ ಅರ್ಜಿ ಬರೆಯೋಳು ನಾನು. ಕಚೇರಿಯಲ್ಲಿ ಗುಮಾಸ್ತೆ ಕೆಲಸ ಮಾಡಿ ಮಾಡಿ ಕಡತದ ಭಾಷೆ ಬಾಯಿಗೆ ಬಂದುಬಿಟ್ಟಿದೆ. ಬಿ.ಎ. ಓದಿದ್ದಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದಿರೋದು.

ಅವನಿಗೆ ರೈಫಲ್ ಯಾಕೆ ಬೇಕಾಯ್ತು ಅನ್ನೋದನ್ನ ಮೊದಲು ಹೇಳಬೇಕು. ಷೋಕಿಗಲ್ಲ.

ನಮ್ಮ ತಾತನಿಗೆ ಸರ್ಕಾರ ಮಂಜೂರು ಮಾಡಿದ್ದ 2 ಎಕರೆ ಚಿಲ್ಲರೆ ಜಮೀನು. ಬರಗಾಲದಲ್ಲಿ ಮಾಡಿದ ಸಾಲಕ್ಕೆ ಕೈಬಿಟ್ಟು ಹೋಗಿತ್ತು. ಮಂಜೂರಾದ ಜಮೀನನ್ನ ಹಾಗೆ ಬರೆಸಿಕೊಳ್ಳೋದು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಊರ್ಜಿತವೇ ಅಲ್ಲ. ಆದರೂ "ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಬಂದಿರಿ" ಅಂತ ಕೋರ್ಟುಗಳು ನಮ್ಮವರ ಅರ್ಜಿಗಳನ್ನ ವಾಪಸ್ ಕಳಿಸ್ತಿದ್ದವು. 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ ಕಾಯ್ದೆಯಲ್ಲೇ ಬರೆದರು. ಅದಕ್ಕಾಗಿ ಬೆಂಗಳೂರಿನಲ್ಲಿ ನೂರಾರು ದಿನ ಧರಣಿ ಕೂತವರಲ್ಲಿ ಈ ಪೋಸ್ಟ್ ಓದ್ತಿರೋ ನೀವೂ ಇದ್ದೀರಿ. ಆಮೇಲೆ ನಾವು ಅರ್ಜಿ ಹಾಕಿದ್ವಿ. ಉಪವಿಭಾಗಾಧಿಕಾರಿ ಕೋರ್ಟಲ್ಲಿ ನಮ್ಮ ಕಡೆ ಆದೇಶ ಆಯ್ತು. ಎದುರಿನವರು ಡಿ.ಸಿ. ಮುಂದೆ ಅಪೀಲು ಹೋದರು. ಅಪೀಲು ಇನ್ನೂ ನಡೀತಿದೆ.

ಆದೇಶ ಬಂದ ಮೇಲೆ ಶುರುವಾಯ್ತು ನೋಡಿ. ಮೊದಲು ರಾಗಿ ಹೊಲಕ್ಕೆ ರಾತ್ರಿ ದನ ಬಿಟ್ಟರು. ಆಮೇಲೆ ಬೋರಿನ ಮೋಟಾರ್ ಕೇಬಲ್ ಕತ್ತರಿಸಿದರು, ಒಂದಲ್ಲ, ಮೂರು ಸಲ. ಆಮೇಲೆ ಒಂದು ರಾತ್ರಿ ಒಂದು ಗಂಟೆ ಹೊತ್ತಿಗೆ ನಮ್ಮ ಕೇರಿಗೆ ಟ್ರ್ಯಾಕ್ಟರ್ ತಂದು ತಮ್ಮನ ಮನೆ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ, ಲೈಟು ಹಾಕಿ, ಅರ್ಧ ಗಂಟೆ ಎಕ್ಸಲರೇಟರ್ ಒತ್ತಿದರು. ಬೈಲಿಲ್ಲ, ಹೊಡೀಲಿಲ್ಲ. ಬರೀ ಸದ್ದು. ಒಳಗೆ ಎರಡು ಮಕ್ಕಳು, ಅವನ ಹೆಂಡತಿ, ನಮ್ಮ ಚಿಕ್ಕಮ್ಮ. ಮಾರನೇ ದಿನ ಠಾಣೆಗೆ ಹೋದ್ವಿ. "ಟ್ರ್ಯಾಕ್ಟರ್ ನಿಲ್ಲಿಸೋದು ಅಪರಾಧನಾ?" ಅಂತ ಕೇಳಿದರು. ಎರಡು ದಿನ ಕೂತು ಎಫ್‌ಐಆರ್ ಮಾಡಿಸಿದ್ವಿ. ಮೂರನೇ ದಿನ ಅವನ ಮೇಲೆ ಕೌಂಟರ್ ಕೇಸು. ಅವರ ಮನೆ ಹೆಂಗಸಿಗೆ ಬೈದನಂತೆ, ಕಲ್ಲು ಹೊಡೆದನಂತೆ.

ಆ ಟ್ರ್ಯಾಕ್ಟರ್ ರಾತ್ರಿ ಆದ ವಾರಕ್ಕೆ ಅವನು ಬಂದೂಕು ಅಂಗಡಿಗೆ ಹೋಗಿದ್ದು.

ಈ ರೈಫಲ್ ಬಗ್ಗೆ ಸ್ವಲ್ಪ ಹೇಳ್ತೀನಿ. ನನಗೂ ಗೊತ್ತಿರಲಿಲ್ಲ, ತಮ್ಮ ಪೇಪರ್ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದ. ನಮ್ಮ ಕಡೆ ಪೊಲೀಸರ ಹೆಗಲಲ್ಲಿ ಉದ್ದದ ಮರದ ಹಿಡಿಯ ಒಂದು ರೈಫಲ್ ನೋಡಿದ್ದೀರಲ್ಲ, ತ್ರೀ ನಾಟ್ ತ್ರೀ ಅಂತಾರೆ, ಅದು ಲೀ ಎನ್‌ಫೀಲ್ಡ್. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೇನೆ ಹಿಡಿದಿದ್ದು ಅದನ್ನೇ. ಕೋಲ್ಕತ್ತ ಹತ್ತಿರದ ಇಶಾಪುರ ಕಾರ್ಖಾನೆಯಲ್ಲೂ ಅದನ್ನ ಮಾಡ್ತಿದ್ರು. ಪಾಯಿಂಟ್ 315 ಅನ್ನೋದು ಅದರ ಖಾಸಗಿ ನಕಲು. ಮೈಕಟ್ಟು ಅದೇ, ಬೋಲ್ಟ್ ಎಳೆದು ಒಂದೊಂದೇ ಗುಂಡು ಹಾಕೋ ರೀತಿ ಅದೇ. ನಳಿಗೆ ಮಾತ್ರ ಬೇರೆ, ತೋಟಾ ಬೇರೆ. ಯಾಕೆ ಬೇರೆ ಮಾಡಿದ್ರು ಗೊತ್ತಾ? ಸೇನೆಯ ತೋಟಾ ಜನರ ಬಂದೂಕಿಗೆ ಸೇರಬಾರದು ಅಂತ ಬ್ರಿಟಿಷರು ಸೇನೆಯ ಬೋರ್‌ಗಳನ್ನ ಖಾಸಗಿಯವರಿಗೆ ನಿಷೇಧ ಮಾಡಿದ್ರು. ಅದಕ್ಕೇ ಲೈಸೆನ್ಸ್ ಇರೋ ಜಮೀನುದಾರರಿಗೆ, ಶಿಕಾರಿದಾರರಿಗೆ ಬೇರೆ ಅಳತೆಯದ್ದು ಮಾಡಿ ಮಾರಿದ್ರು. ಸ್ವಾತಂತ್ರ್ಯ ಬಂದ ಮೇಲೂ ಅದೇ ಪದ್ಧತಿ. ಇವತ್ತಿಗೂ ತ್ರೀ ನಾಟ್ ತ್ರೀ ನಿಷೇಧಿತ ಬೋರ್, 315 ನಿಷೇಧ ಇಲ್ಲದ ಬೋರ್. ಬಂದೂಕಲ್ಲೂ ಮುಟ್ಟಬಹುದಾದ್ದು, ಮುಟ್ಟಬಾರದ್ದು ಅಂತ ಎರಡು ಅಂದೆ. ತಮ್ಮ ನಗಲಿಲ್ಲ.

ಅವನು ಅಂಗಡಿಯಲ್ಲಿ ಬೋಲ್ಟ್ ಹೊರಗೆಳೆದು, ನಳಿಗೆಯನ್ನ ಬೆಳಕಿಗೆ ಹಿಡಿದು ನೋಡಿದ್ದಾನೆ. ಹಳೇ ರೈಫಲ್ ತಗೊಳ್ಳೋವಾಗ ಅದೇ ಮುಖ್ಯ ಅಂತೆ. ಒಳಗಿನ ಸುರುಳಿ ಗೀರು ಸವೆದಿದ್ದರೆ ಗುಂಡು ನೆಟ್ಟಗೆ ಹೋಗಲ್ಲ, ತುಕ್ಕು ತಿಂದು ಗುಳಿ ಬಿದ್ದಿದ್ದರೆ ದುಡ್ಡು ದಂಡ. ಬೋಲ್ಟ್ ಸಡಿಲ ಇರಬಾರದು, ಮರದ ಹಿಡಿ ಬಿರುಕು ಬಿಟ್ಟಿರಬಾರದು, ಮೈಮೇಲಿನ ನಂಬರು ಹಳೇ ಮಾಲೀಕರ ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆ ಆಗಬೇಕು. "ನಳಿಗೆ ಒಳಗೆ ಕನ್ನಡಿ ಇದ್ದಂಗೆ ಇದೆ ಅಕ್ಕ. ಹತ್ತು ಗುಂಡೂ ಹಾರಿಸಿಲ್ಲ ಅನ್ಸುತ್ತೆ," ಅಂದ. ಖುಷಿ ಅವನ ಮುಖದಲ್ಲಿ ಕಾಣ್ತಿತ್ತು.

ನನಗೆ ಆ ಮಾತು ಕೇಳಿ ಬೇರೆಯೇ ಹೊಳೀತು. ಇಂಥದ್ದೇ ಒಂದು ನಮ್ಮೂರ ದೊಡ್ಡಮನೆಯಲ್ಲೂ ಇತ್ತು. ಪಡಸಾಲೆ ಗೋಡೆಗೆ ಎರಡು ಮೊಳೆ ಹೊಡೆದು ಅಡ್ಡಡ್ಡ ಇಟ್ಟಿದ್ರು. ನಮ್ಮಮ್ಮ ಅದನ್ನ ತುಪಾಕಿ ಅಂತಿದ್ದಳು. ಸುಗ್ಗಿ ಕೂಲಿ ಕೇಳೋಕೆ ನಮ್ಮವರು ಹೋದಾಗ ಅಂಗಳದಲ್ಲಿ ನಿಲ್ಲಬೇಕು, ನಿಂತ ಜಾಗದಿಂದ ನೇರ ಕಾಣೋದು ಆ ತುಪಾಕಿನೇ. ಅದು ಹಾರಿದ ಸದ್ದನ್ನ ನಮ್ಮಮ್ಮ ತನ್ನ ಜೀವಮಾನದಲ್ಲಿ ಕೇಳಿಲ್ಲ. ಆದರೂ ಕೂಲಿ ಎರಡು ಸೇರು ಕಮ್ಮಿ ಅಳೆದರೆ ಯಾರೂ ಬಾಯಿ ಬಿಡ್ತಿರಲಿಲ್ಲ. ಹಾರಿಸೋ ಅಗತ್ಯವೇ ಇರಲಿಲ್ಲ. ಆ ಬಂದೂಕಿನ ಹಿಂದೆ ಶ್ಯಾನುಭೋಗರಿದ್ರು, ಠಾಣೆ ಇತ್ತು, ಸಾಲದ ಪುಸ್ತಕ ಇತ್ತು, ಬಾವಿ ಇತ್ತು, ಊರೆಲ್ಲ ಇತ್ತು. ಗೋಡೆ ಮೇಲಿನ ಬಂದೂಕು ಇವೆಲ್ಲದರ ಬೋರ್ಡು ಇದ್ದ ಹಾಗೆ. ಈಗ ಅದೇ ರೈಫಲ್ಲನ್ನ ತಂದು ನಮ್ಮ ಕೇರಿಯ ಶೀಟಿನ ಮನೆ ಗೋಡೆಗೆ ನೇತುಹಾಕಿದರೆ ಅದರ ಹಿಂದೆ ಏನಿರುತ್ತೆ? ಇದನ್ನೇ ತಮ್ಮನಿಗೆ ಕೇಳಿದೆ.

"ನಾನಿರ್ತೀನಿ," ಅಂದ.

ಅವನ ಜೊತೆ ಈ ವಾದ ಸುಲಭ ಅಲ್ಲ. ಅವನು ಬಂದೂಕನ್ನ ಸಿನಿಮಾದಲ್ಲಿ ನೋಡಿದವನಲ್ಲ, ಗಡಿಯಲ್ಲಿ ಹಿಡಿದು ನಿಂತವನು. ದೇಶ ಕಾಯೋಕೆ ನನ್ನ ಕೈಗೆ ಕೊಟ್ಟರು, ನನ್ನ ಮನೆ ಕಾಯೋಕೆ ಕೊಡಲ್ವಾ ಅಂತ ಕೇಳ್ತಾನೆ. ಈ ಪ್ರಶ್ನೆ ಹಳೇದು. ಬ್ರಿಟಿಷರು ಮಹಾರ್ ಸೈನಿಕರನ್ನ ಬೇಕಾದಾಗ ಸೇರಿಸಿಕೊಂಡು, ಕೆಲಸ ಮುಗಿದ ಮೇಲೆ, 1890ರ ದಶಕದಲ್ಲಿ, ನೀವು ಯುದ್ಧವೀರ ಜಾತಿ ಅಲ್ಲ ಅಂತ ಬಾಗಿಲು ಹಾಕಿಬಿಟ್ಟರು. ಬಾಬಾಸಾಹೇಬರ ಅಪ್ಪ ರಾಮ್‌ಜಿ ಸಕ್ಪಾಲ್ ಸೇನೆಯ ಸುಬೇದಾರರು. ಬಾಬಾಸಾಹೇಬರು ಆ ಬಾಗಿಲು ತೆರೆಯಿರಿ ಅಂತ ಪಟ್ಟು ಹಿಡಿದರು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ ಗೊತ್ತಾ, ನಮ್ಮ ಬೆಳಗಾವಿಯಲ್ಲಿ. ಅದಕ್ಕೆ ಅಂಬೇಡ್ಕರ್‌ವಾದಿ ಅಂದ್ರೆ ಬಂದೂಕು ಕಂಡ್ರೆ ಮೂಗು ಮುರಿಯೋರು ಅಂತ ಯಾರೂ ತಿಳ್ಕೋಬೇಡಿ. ಅದೇ ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ್ ಕೆರೆ ನೀರು ಮುಟ್ಟಿದ ದಿನ, ನಮ್ಮವರ ಮೇಲೆ ದಾಳಿ ಆದಾಗ, ಅಲ್ಲಿದ್ದ ಮಾಜಿ ಸೈನಿಕರು ತಿರುಗಿ ಬೀಳೋಕೆ ತಯಾರಾಗಿ ನಿಂತಿದ್ರು. ಬೇಡ ಅಂತ ತಡೆದವರೂ ಬಾಬಾಸಾಹೇಬರೇ. ಪೊಲೀಸರ ಹತ್ರ ಹೋದ್ರು, ಕೇಸ್ ನಡೆಸಿದ್ರು, ಕೆಲವರಿಗೆ ಶಿಕ್ಷೆಯೂ ಆಯ್ತು. ತಮ್ಮ ಮೊದಲನೇದನ್ನ ನೆನಪಿಸ್ತಾನೆ, ನಾನು ಎರಡನೇದನ್ನ.

ಇನ್ನು ಕಾನೂನಿಗೆ ಬರ್ತೀನಿ. ಹುಡುಗರು ಕೇಳಿದ್ದು ಇದನ್ನೇ, ಗಮನ ಇಟ್ಟು ಓದಿ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ. ಸೆಕ್ಷನ್ 13ರಲ್ಲಿ ಎರಡು ದಾರಿ ಇವೆ. ರಕ್ಷಣೆಗೋ ಕ್ರೀಡೆಗೋ ಅಂತ ನುಣುಪು ನಳಿಗೆಯ ಬಂದೂಕು ಕೇಳಿದರೆ, ಅಂದ್ರೆ 12 ಬೋರಿನ ಒಂಟಿ ನಳಿಗೆ, ಜೋಡು ನಳಿಗೆ ಥರದ್ದು, ನಳಿಗೆ 20 ಇಂಚಿಗೆ ಕಮ್ಮಿ ಇರಬಾರದು, ಅದಕ್ಕೆ ಲೈಸೆನ್ಸ್ ಕೊಡಬೇಕು ಅನ್ನೋ ಭಾಷೆ ಇದೆ. ಬೆಳೆ ರಕ್ಷಣೆಗೆ ಮದ್ದು ತುಂಬೋ ಕೋವಿಗೂ ಹಾಗೇ. ರೈಫಲ್ ಕೇಳಿದರೆ ಮಾತ್ರ "ಸಕಾರಣ ಇದೆ" ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಯಾವ ಕಾರಣ ಸಕಾರಣ, ಯಾರ ಭಯ ನಿಜವಾದ ಭಯ ಅನ್ನೋದು ಅವರ ಕೈಯಲ್ಲಿ. ಸೆಕ್ಷನ್ 14ರಲ್ಲಿ ಇನ್ನೊಂದು ಸಾಲಿದೆ, ನಮ್ಮವರು ಬಾಯಿಪಾಠ ಮಾಡಬೇಕಾದ್ದು. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸೋ ಹಾಗಿಲ್ಲ. ಆದರೂ ವಿಚಾರಣೆಗೆ ಬಂದ ಪೇದೆ ಮೊದಲು ಕೇಳಿದ್ದು, "ಎಷ್ಟು ಎಕರೆ ಐತೆ ನಿಂಗೆ?"

2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ, ಲೈಸೆನ್ಸ್ ಅವಧಿ 5 ವರ್ಷ. ಇನ್ನು ಅಂಗಡಿಯಲ್ಲದೆ ಖಾಸಗಿಯವರಿಂದ ಹಳೇದು ತಗೊಳ್ಳೋದಾದರೆ, ಮಾರೋರು ಜಿಲ್ಲಾ ಮ್ಯಾಜಿಸ್ಟ್ರೇಟಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಬರೀ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮನೆಗೆ ತಂದಿರೋ, ನೀವೇ ಅಪರಾಧಿ. ಲೈಸೆನ್ಸ್ ಕೈಗೆ ಬರೋಕೆ ಮುಂಚೆ ಅಡ್ವಾನ್ಸ್ ಕೂಡ ಕೊಡಬೇಡಿ. ಆ 5,000 ಕೊಡೋಕೆ ನಾನು ಬಿಡಲಿಲ್ಲ.

ನಮ್ಮ ಸಂಘಟನೆಗಳಲ್ಲಿ ಹೆಚ್ಚು ಜನ ಮಾತಾಡದ ಒಂದು ನಿಯಮ ಇದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು, ನಿಯಮ 3(1). ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನ ಸರ್ಕಾರ ಗುರುತಿಸಬೇಕು. ಅಲ್ಲಿ ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರ, ಅವರ ನೆಂಟರ, ಆಳುಗಳ ಬಂದೂಕು ಲೈಸೆನ್ಸ್ ರದ್ದು ಮಾಡಿ ಬಂದೂಕನ್ನ ಸರ್ಕಾರಿ ಶಸ್ತ್ರಾಗಾರಕ್ಕೆ ಹಾಕಿಸಬೇಕು. ಕಳ್ಳ ಬಂದೂಕು ಜಪ್ತಿ ಮಾಡಬೇಕು. ಮತ್ತೆ ಅದೇ ಪಟ್ಟಿಯಲ್ಲಿ, ಪರಿಶಿಷ್ಟರ ಪ್ರಾಣ, ಆಸ್ತಿ ರಕ್ಷಣೆಗೆ ಅಗತ್ಯ ಕಂಡರೆ ಅವರಿಗೆ ಬಂದೂಕು ಲೈಸೆನ್ಸ್ ಒದಗಿಸಬೇಕು. ಹೌದು, ಸರ್ಕಾರವೇ ಬರೆದಿರೋದು. ನಾನು ಇದನ್ನ ಮೊದಲ ಸಲ ಓದಿದಾಗ ಎರಡು ಸಲ ಓದಿದೆ. ನನ್ನ ಕಣ್ಣಿಗೆ ಬಿದ್ದ ಯಾವ ಕಡತದಲ್ಲೂ ಈ ನಿಯಮ ಹಿಡಿದು ಅರ್ಜಿ ಹಾಕಿದ್ದೂ ಇಲ್ಲ, ಆದೇಶ ಆಗಿದ್ದೂ ಇಲ್ಲ.

ಒಂದು ಸಮುದಾಯಕ್ಕೆ ಬಂದೂಕಿನ ವಿಷಯದಲ್ಲಿ ಬೇರೆ ನಿಯಮ ಮಾಡೋದು ಈ ರಾಜ್ಯಕ್ಕೆ ಹೊಸದೂ ಅಲ್ಲ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯ್ತಿ ಇದೆ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ, ಅವರ ಹಬ್ಬ, ಅವರ ಪದ್ಧತಿ. ಕೋವಿ ಅಂದ್ರೆ ಒಬ್ಬರಿಗೆ ಸಂಸ್ಕೃತಿ ಅಂತ ಅರ್ಥ ಆಗೋ ಸರ್ಕಾರಕ್ಕೆ ಇನ್ನೊಬ್ಬರಿಗೆ ಅದು ಪ್ರಾಣಭಯ ಅಂತಲೂ ಅರ್ಥ ಆಗಬೇಕು, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ರೈಫಲ್ ಬೇಡ ಅಂದೆ. ಯಾಕೆ ಅಂತ ಹೇಳ್ತೀನಿ.

ನಮ್ಮ ಕೇರಿ ನೋಡಿದವರಿಗೆ ಗೊತ್ತು. ಮನೆಗೂ ಮನೆಗೂ ಮಧ್ಯೆ ಎರಡು ಮಾರು ಜಾಗ. ಅರ್ಧ ಗೋಡೆ ಇಟ್ಟಿಗೆ, ಮೇಲೆ ಶೀಟು. ರೈಫಲ್ ಗುಂಡು ಅಲ್ಲಿಗೆ ನಿಲ್ಲೋದಲ್ಲ. ತಮ್ಮನೇ ಒಪ್ಪಿಕೊಂಡ, ರಾತ್ರಿ ಹೊತ್ತು ಗಾಬರಿಯಲ್ಲಿ ಹಾರಿಸಿದರೆ ಎದುರಿನವನಿಗೆ ತಾಗದೆ ಇದ್ದರೂ ಆಚೆ ಮನೆಯಲ್ಲಿ ಮಲಗಿರೋ ಮಗುವಿಗೆ ತಾಗಬಹುದು ಅಂತ. ದೂರದ ಗುರಿಗೆ ಮಾಡಿದ ಆಯುಧ ಅದು. ನಮಗೆ ಬರೋ ಅಪಾಯ ದೂರದಿಂದ ಬರಲ್ಲ, ಬಾಗಿಲಿಗೇ ಬರುತ್ತೆ.

ಆಮೇಲೆ ಕೌಂಟರ್ ಕೇಸು. ಇದು ನನಗೆ ಎಲ್ಲಕ್ಕಿಂತ ದೊಡ್ಡ ಭಯ. ದೌರ್ಜನ್ಯ ಕೇಸು ನಡೆಸಿರೋ ಪ್ರತಿಯೊಬ್ಬರಿಗೂ ಗೊತ್ತು, ನಮ್ಮ ಎಫ್‌ಐಆರ್ ಹಿಂದೆಯೇ ಅವರ ಎಫ್‌ಐಆರ್ ಬರುತ್ತೆ, ರಾಜಿಗೆ ಎಳೆಯೋಕೆ. ಇವತ್ತು ಅವನ ಮೇಲಿರೋದು ಬೈದ, ಕಲ್ಲು ಹೊಡೆದ ಅನ್ನೋ ಕೇಸು. ನಾಳೆ ಮನೆಯಲ್ಲಿ ರೈಫಲ್ ಇದ್ದರೆ "ಬಂದೂಕು ತೋರಿಸಿದ, ಗುರಿ ಇಟ್ಟ" ಅಂತ ಇಬ್ಬರು ಸಾಕ್ಷಿ ಹೇಳಿದರೆ ಸಾಕು. ಭಾರತೀಯ ನ್ಯಾಯ ಸಂಹಿತೆ 109, ಕೊಲೆ ಯತ್ನ. ಜಾಮೀನಿಗೆ ಓಡಾಡೋದು ನಾವು. ಆತ್ಮರಕ್ಷಣೆ ಹಕ್ಕು ಅದೇ ಸಂಹಿತೆಯ 34ರಿಂದ 44ರವರೆಗೆ ಇದೆ, ನಿಜ. ಆದರೆ ಅದು ವಿಚಾರಣೆಯಲ್ಲಿ ಹೇಳಿಕೊಳ್ಳೋ ಮಾತು. ಅಲ್ಲಿವರೆಗೆ ಒಳಗಿರೋದು ಅವನು, ಹೊಲ ಉಳೋದು ಅವರು. ಜಮೀನು ಕೇಸು ತಾನಾಗೇ ಸತ್ತುಹೋಗುತ್ತೆ.

ಇನ್ನೊಂದು, ಚುನಾವಣೆ ಬಂದಾಗ ಲೈಸೆನ್ಸ್ ಬಂದೂಕುಗಳನ್ನ ಠಾಣೆಗೋ ಅಂಗಡಿಗೋ ಇಡಬೇಕು ಅಂತ ಆದೇಶ ಬರುತ್ತೆ. ನಮ್ಮ ಕಡೆ ಗಲಾಟೆ ಆಗೋದೇ ಚುನಾವಣೆ ಹೊತ್ತಿಗೆ, ಅದರಲ್ಲೂ ಗ್ರಾಮ ಪಂಚಾಯ್ತಿ ಚುನಾವಣೆಗೆ. ಬೇಕಾದಾಗ ಕೈಯಲ್ಲಿ ಇರದ ವಸ್ತುವಿಗೆ 55,000.

ಇದೆಲ್ಲ ನಾನು ಹೇಳಿದ್ದು. ತಮ್ಮನ ಹೆಂಡತಿ ಒಂದೇ ಮಾತು ಹೇಳಿದಳು, ಅದೂ ಅವನು ಹೊರಗೆ ಹೋದಾಗ, ರೊಟ್ಟಿ ತಟ್ತಾ. "ಅತ್ಗೆಮ್ಮ, ಅವ್ರು ಬರ್ತಾರೋ ಬಿಡ್ತಾರೋ ನಂಗೊತ್ತಿಲ್ಲ. ಇವ್ರು ಮಾತ್ರ ದಿನಾ ಮನೇಗ್ ಬರ್ತಾರೆ. ಕುಡ್ದು ಬಂದ್ ದಿನ ಆ ಬಂದೂಕು ಎಲ್ಲಿಡ್ಲಿ ನಾನು?" ಅವನು ಕೆಟ್ಟವನಲ್ಲ. ಟ್ರ್ಯಾಕ್ಟರ್ ರಾತ್ರಿ ಆದ ಮೇಲೆ ನಿದ್ದೆ ಇಲ್ಲ, ಕುಡಿಯೋದು ಸ್ವಲ್ಪ ಜಾಸ್ತಿ ಆಗಿದೆ. ಅವಳ ಅನುಮತಿ ಕೇಳಿ ಇದನ್ನ ಬರೀತಿದ್ದೀನಿ. ನಮ್ಮ ಸಭೆಗಳಲ್ಲಿ ಆತ್ಮರಕ್ಷಣೆ ಬಗ್ಗೆ ಮೈಕು ಹಿಡಿದು ಮಾತಾಡೋ ಅಣ್ಣಂದಿರು ಈ ಪ್ರಶ್ನೆಯನ್ನ ತಮ್ಮ ತಮ್ಮ ಮನೆ ಅಡುಗೆಮನೆಯಲ್ಲಿ ಒಂದು ಸಲ ಕೇಳಿ ನೋಡಲಿ. ಲೈಸೆನ್ಸ್ ಕೊಡೋವಾಗ ಪೊಲೀಸರು ಊರಿನವರನ್ನ ವಿಚಾರಿಸ್ತಾರೆ, ಮನೆ ಹೆಂಗಸನ್ನ ಕೂರಿಸಿಕೊಂಡು ಕೇಳಿದ್ದನ್ನ ನಾನು ಕಂಡಿಲ್ಲ.

ತಮ್ಮ ಸುಲಭಕ್ಕೆ ಬಿಡಲಿಲ್ಲ. ಲಕ್ಷ್ಮಣಪುರ ಬಾಥೆ ತೆಗೆದ. ಬಿಹಾರ, 1997ರ ಡಿಸೆಂಬರ್ 1ರ ರಾತ್ರಿ. ರಣವೀರ ಸೇನೆಯವರು ಬಂದೂಕು ಹಿಡಿದು ಬಂದು ಮಲಗಿದ್ದ 58 ಜನರನ್ನ ಕೊಂದರು. ಹೆಂಗಸರು, ಮಕ್ಕಳು. 2010ರಲ್ಲಿ ಕೆಳಗಿನ ಕೋರ್ಟು 26 ಜನಕ್ಕೆ ಶಿಕ್ಷೆ ಕೊಟ್ಟಿತು, 2013ರಲ್ಲಿ ಪಟ್ನಾ ಹೈಕೋರ್ಟು 26 ಜನರನ್ನೂ ಬಿಟ್ಟಿತು. "ಆ ರಾತ್ರಿ ಆ ಕೇರೀಲಿ ಒಬ್ಬನ ಹತ್ರ ರೈಫಲ್ ಇದ್ದಿದ್ರೆ ಅಕ್ಕ?" ಅಂತ ಕೇಳಿದ. ಕೋರ್ಟು, ಕಡತ, ಅರ್ಜಿ ಅಂತ ನಾನು ಹೇಳೋದನ್ನೆಲ್ಲ ಆ ಒಂದು ತೀರ್ಪು ತಿಂದುಹಾಕುತ್ತೆ. ಅವನಿಗೆ ಕೊಡೋಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ನಾನು ಕಂಬಾಲಪಲ್ಲಿ ಹೇಳಿದೆ. 2000ದ ಮಾರ್ಚ್ 11. ಆಗ ನಾನು ಬಿ.ಎ. ಓದ್ತಿದ್ದೆ, ಹಾಸ್ಟೆಲಿನಿಂದ ನೇರ ಪ್ರತಿಭಟನೆಗೆ ಹೋಗಿದ್ವಿ. ಮನೆಗೆ ಬೆಂಕಿ ಇಟ್ಟು ಏಳು ಜನ ದಲಿತರನ್ನ ಜೀವಂತ ಸುಟ್ಟರು. ಆ ಬೆಂಕಿಯ ಮುಂದೆ ಒಳಗಿದ್ದವರ ಕೈಯಲ್ಲಿ ರೈಫಲ್ ಇದ್ದಿದ್ದರೆ ಏನಾಗ್ತಿತ್ತು ಅಂತ ಯೋಚಿಸಿದ್ದೀನಿ. ಬಾಗಿಲಿಗೆ ಹೊರಗಿಂದ ಚಿಲಕ, ಮೇಲೆ ಬೆಂಕಿ. 2006ರಲ್ಲಿ ಎಲ್ಲರ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದರು ಅಂತ. 2014ರಲ್ಲಿ ಹೈಕೋರ್ಟಲ್ಲೂ ಅದೇ ಆಯ್ತು. ಸಾಕ್ಷಿಗಳು ಯಾಕೆ ತಿರುಗಿಬಿದ್ದರು ಅನ್ನೋದು ನಮ್ಮ ಕಡೆಯ ಪ್ರತಿ ಕೇರಿಗೂ ಗೊತ್ತು. ಅದೇ ಊರಲ್ಲಿ ಬದುಕಬೇಕಿತ್ತು. ಇನ್ನೊಂದು ಕಡೆ ಮರಕುಂಬಿ ನೋಡಿ, ಕೊಪ್ಪಳ ಜಿಲ್ಲೆ. 2014ರಲ್ಲಿ ಗುಡಿಸಲು ಸುಟ್ಟರು, ಹತ್ತು ವರ್ಷ ಜನ ಬಿಡದೆ ಕೋರ್ಟಿಗೆ ಓಡಾಡಿದ್ರು, 2024ರ ಅಕ್ಟೋಬರ್‌ನಲ್ಲಿ 101 ಜನರನ್ನ ಅಪರಾಧಿಗಳು ಅಂದಿತು ಅಲ್ಲಿನ ನ್ಯಾಯಾಲಯ, 98 ಜನಕ್ಕೆ ಜೀವಾವಧಿ. ಮೇಲಿನ ಕೋರ್ಟಲ್ಲಿ ಏನೇನಾಗುತ್ತೆ ಅನ್ನೋದು ಬೇರೆ ಕಥೆ. ಸಾಕ್ಷಿ ಗಟ್ಟಿ ನಿಂತರೆ ಆಗುತ್ತೆ ಅನ್ನೋದಕ್ಕೆ ಹೇಳಿದೆ.

ಒಬ್ಬ ಹುಡುಗ ಮೆಸೇಜಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಉದಾಹರಣೆ ಕೊಟ್ಟಿದ್ದ. ಸಂತೋಷ, ಓದ್ಕೊಂಡಿದ್ದಾನೆ. ಪೂರ್ತಿ ಓದಪ್ಪ. ಕ್ಯಾಲಿಫೋರ್ನಿಯಾದಲ್ಲಿ ತುಂಬಿದ ಬಂದೂಕನ್ನ ಬಹಿರಂಗವಾಗಿ ಹಿಡಿದು ಓಡಾಡೋದು ಆಗ ಕಾನೂನುಬದ್ಧ ಇತ್ತು. ಕರಿಯ ಯುವಕರು ಹಾಗೆ ಹಿಡಿದು ಪೊಲೀಸರ ಮೇಲೆ ಕಣ್ಣಿಡೋಕೆ ಶುರು ಮಾಡಿದ ಮೇಲೆ, 1967ರಲ್ಲೇ, ಮಲ್ಫರ್ಡ್ ಕಾಯ್ದೆ ತಂದು ನಿಲ್ಲಿಸಿದ್ರು. ಸಹಿ ಹಾಕಿದ್ದು ಗವರ್ನರ್ ರೊನಾಲ್ಡ್ ರೇಗನ್. ಮಾರ್ಟಿನ್ ಲೂಥರ್ ಕಿಂಗ್ ಕೂಡ 1956ರಲ್ಲಿ ತಮ್ಮ ಮನೆಗೆ ಬಾಂಬ್ ಹಾಕಿದ ಮೇಲೆ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ್ರು, ಕೊಡಲಿಲ್ಲ. ನಮ್ಮ ಪೇದೆ ಎಕರೆ ಲೆಕ್ಕ ಕೇಳಿದ್ದು ನೆನಪಾಯ್ತು.

ಈಗ ಏನು ಮಾಡಿದ್ವಿ ಅಂತ ಹೇಳಿ ಮುಗಿಸ್ತೀನಿ. ಆ ಅಂಗಡಿ ರೈಫಲ್ ಬೇಡ ಅಂತ ಹೇಳಿ ಕಳಿಸಿದ್ವಿ. ಅವನಿಗೆ ಸಮಾಧಾನ ಆಗಿಲ್ಲ. "ನಿನ್ನ ಅರ್ಜಿ ರಾತ್ರಿ ಎರಡು ಗಂಟೆಗೆ ಬಾಗಿಲು ಕಾಯಲ್ಲ ಅಕ್ಕ," ಅಂದ. ಕಾಯಲ್ಲ, ನನಗೂ ಗೊತ್ತು.

ಡಿ.ಸಿ. ಕಚೇರಿಗೆ ಎರಡು ಅರ್ಜಿ ಹಾಕಿದ್ದೀವಿ. ಮೊದಲನೇದು, ನಿಯಮ 3(1) ಹಿಡಿದು, ಎದುರಿನ ಕುಟುಂಬದ ಹತ್ತಿರ ಇರೋ ಬಂದೂಕುಗಳ ಲೈಸೆನ್ಸ್ ರದ್ದು ಮಾಡಿ ಶಸ್ತ್ರಾಗಾರಕ್ಕೆ ಹಾಕಿಸಿ ಅಂತ. ಜಗಳ ಆಡಿದ್ದು ಅವರು, ಎಫ್‌ಐಆರ್ ಇದೆ, ಕೇಬಲ್ ಕತ್ತರಿಸಿದ್ದಕ್ಕೆ ಫೋಟೊ ಇದೆ, ಪಿ.ಟಿ.ಸಿ.ಎಲ್. ಆದೇಶದ ನಕಲು ಲಗತ್ತಿಸಿದ್ದೀನಿ. ನಮ್ಮ ಮನೆಗೆ ಒಂದು ಬಂದೂಕು ಬರೋದಕ್ಕಿಂತ ಅವರ ಮನೆಯಿಂದ ಎರಡು ಹೊರಗೆ ಹೋಗೋದು ನಮಗೆ ಹೆಚ್ಚು ಕ್ಷೇಮ. ಎರಡನೇದು ತಮ್ಮನ ಲೈಸೆನ್ಸ್ ಅರ್ಜಿ, ಅದೇ ನಿಯಮದಡಿ. ರೈಫಲ್ ಅಂತ ಬರೆದಿಲ್ಲ, ಒಂಟಿ ನಳಿಗೆ 12 ಬೋರ್ ಅಂತ ಬರೆದಿದ್ದೀವಿ. ಕೊಟ್ಟರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು, ಬೀಗದ ಕೈ ಹೆಂಡತಿ ಹತ್ರ ಇರಬೇಕು ಅಂತ ಮನೆಯೊಳಗಿನ ಒಪ್ಪಂದ. ಕೊಡದೆ ಇದ್ದರೆ ಯಾಕೆ ಕೊಡಲಿಲ್ಲ ಅಂತ ಬರೆದು ಕೊಡಲಿ. ಈ ಕುಟುಂಬಕ್ಕೆ ಅಪಾಯ ಇತ್ತು ಅಂತ ಡಿ.ಸಿ. ಕಚೇರಿಗೆ ಇಂಥ ದಿನಾಂಕದಿಂದ ಗೊತ್ತಿತ್ತು ಅನ್ನೋದಕ್ಕೆ ಆ ಮುದ್ರೆ ಬಿದ್ದ ಸ್ವೀಕೃತಿಯೇ ದಾಖಲೆ. ನಾಳೆ ಏನಾದರೂ ಆದರೆ ಕಾಯ್ದೆಯ ಸೆಕ್ಷನ್ 4ರಡಿ ಕರ್ತವ್ಯಲೋಪ ಕೇಳೋಕೆ ಅದು ಬೇಕು. ಸೆಕ್ಷನ್ 15ಎ ಪ್ರಕಾರ ಸಂತ್ರಸ್ತರ, ಸಾಕ್ಷಿಗಳ ರಕ್ಷಣೆ ಕೂಡ ಅದರಲ್ಲೇ ಕೇಳಿದ್ದೀವಿ.

ರೈಫಲ್ ದುಡ್ಡಲ್ಲಿ ಒಂದು ಭಾಗ ಖರ್ಚು ಮಾಡಿ ಮನೆ ಮುಂದೆ ಎರಡು ಕ್ಯಾಮೆರಾ, ಬೋರಿನ ಹತ್ರ ಒಂದು ಸೋಲಾರ್ ಕ್ಯಾಮೆರಾ, ಕೇರಿ ತಿರುವಿಗೆ ಒಂದು ದೊಡ್ಡ ಲೈಟು ಹಾಕಿಸಿದ್ವಿ. ಕ್ಯಾಮೆರಾ ಹೆದರಿ ತಿರುಗಿಬೀಳಲ್ಲ. ವಿಡಿಯೊ ಕೋರ್ಟಿಗೆ ಕೊಡೋವಾಗ ಸಾಕ್ಷ್ಯ ಅಧಿನಿಯಮ 63(4)ರ ಪ್ರಮಾಣಪತ್ರ ಜೊತೆಗಿರಬೇಕು, ಮರೀಬೇಡಿ, ಇದೇ ಕಾರಣಕ್ಕೆ ಒಳ್ಳೊಳ್ಳೆ ಸಾಕ್ಷ್ಯ ಬಿದ್ದುಹೋಗುತ್ತೆ. ಕೇರಿಯ ಹನ್ನೊಂದು ಮನೆಯವರು ವಾಟ್ಸ್ಆಪ್ ಗುಂಪು ಮಾಡ್ಕೊಂಡಿದ್ದಾರೆ, ರಾತ್ರಿ ಸದ್ದಾದರೆ ಎಲ್ಲರೂ ದೀಪ ಹಾಕಿ ಹೊರಗೆ ಬರೋದು ಅಂತ. ಮೊನ್ನೆ ಒಂದು ಸಲ ಟ್ರ್ಯಾಕ್ಟರ್ ಬಂತು. ತಿರುವಿನಲ್ಲಿ ಲೈಟು ನೋಡಿ ಒಂದೆರಡು ನಿಮಿಷ ನಿಂತು ವಾಪಸ್ ಹೋಯ್ತು. ನಂಬರ್ ಪ್ಲೇಟ್ ಕ್ಯಾಮೆರಾದಲ್ಲಿ ಬಂದಿದೆ.

ನಿಮ್ಮ ಜಿಲ್ಲೆಯಲ್ಲಿ ಯಾರಾದರೂ ನಿಯಮ 3(1) ಅಡಿಯಲ್ಲಿ ಲೈಸೆನ್ಸ್ ಕೇಳಿದ್ದರೆ, ಅಥವಾ ಎದುರಿನವರ ಲೈಸೆನ್ಸ್ ರದ್ದು ಮಾಡಿಸಿದ್ದರೆ, ಆದೇಶದ ಪ್ರತಿ ಇದ್ದರೆ ನನಗೆ ಕಳಿಸಿ, ಹೆಸರು ಮುಚ್ಚಿ ಕಳಿಸಿದರೂ ಸಾಕು. ಜಿಲ್ಲಾ ಜಾಗೃತಿ ಸಮಿತಿಯಲ್ಲಿ ಸದಸ್ಯರಾಗಿರೋ ಸಂಗಾತಿಗಳು ಮುಂದಿನ ಸಭೆಯಲ್ಲಿ ಇದನ್ನ ಕೇಳಿ, ಉತ್ತರ ನಡಾವಳಿಯಲ್ಲಿ ಬರೆಸಿ. ನಮ್ಮ ಅರ್ಜಿಗಳ ಮಾದರಿ ಬೇಕಾದವರು ಕಮೆಂಟಲ್ಲಿ ತಿಳಿಸಿ, ಕಳಿಸ್ತೀನಿ. ನಮ್ಮ ಎರಡು ಅರ್ಜಿಗೂ ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಟಪಾಲು ವಿಭಾಗಕ್ಕೆ ಹೋಗ್ತಿದ್ದೀನಿ.

ಜೈ ಭೀಮ್.